ಹಂಡೆಯ ಉಸ್ತುವಾರಿ

ಭಾಗಮಂಡಲದ ತ್ರಿವೇಣಿ ಸಂಗಮಕ್ಕೆ ಜನ ಬರುವುದೇ ತಣ್ಣೀರಲ್ಲಿ ಮುಳುಗಲು. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ, ಮೂರೂ ಸೇರುವ ಜಾಗ ಅದು. ಅಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಆಮೇಲೆ 8 ಕಿ.ಮೀ. ಮೇಲಿರುವ ತಲಕಾವೇರಿಗೆ ಹೋಗುವುದು ಪದ್ಧತಿ. ಇದಕ್ಕಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಮಡಿಕೇರಿ ದಾಟಿದ ಮೇಲಿನ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಂದಿರುತ್ತಾರೆ. ಹಾಗೆ ಬಂದವರು ಯಾತ್ರಿ ನಿವಾಸದ ಮೆಟ್ಟಿಲು ಹತ್ತಿ, ಹೆಗಲ ಚೀಲ ಇಳಿಸುವ ಮೊದಲೇ ಕೇಳುವುದು ಒಂದೇ: "ಬಿಸಿನೀರು ಇದೆಯಾ?"

ದೇವಸ್ಥಾನದ ಬಾಗಿಲು ಎಷ್ಟೊತ್ತಿಗೆ ತೆಗೀತಾರೆ ಅನ್ನುವುದು ಎರಡನೇ ಪ್ರಶ್ನೆ. ಊಟ ಮೂರನೆಯದು. ದೇವರಿಗಿಂತ ಮೊದಲು ಬಿಸಿನೀರು. ಅಕ್ಟೋಬರಿನ ನಸುಕಿನಲ್ಲಿ ಇಲ್ಲಿ ಬಂದು ನಿಂತು ನೋಡಿದವರು ಇದಕ್ಕೆ ಆಕ್ಷೇಪ ಎತ್ತುವುದಿಲ್ಲ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಚಳಿ ಆಗಲೇ ಶುರುವಾಗಿರುತ್ತದೆ. ಹೊಳೆಯಲ್ಲಿ ಮಿಂದು, ಹಲ್ಲು ಕಟಕಟ ಅನ್ನಿಸುತ್ತಾ ಬಂದ ಒಬ್ಬರು, ಈಗ ಬಿಸಿನೀರಲ್ಲಿ ಇನ್ನೊಂದು ಸ್ನಾನ ಮಾಡಿದರೆ ಮೊದಲಿನ ಪುಣ್ಯ ತೊಳೆದು ಹೋಗುತ್ತದಾ ಎಂದು ನನ್ನನ್ನೇ ಕೇಳಿದ್ದರು. ನಾನು ಪುರೋಹಿತನಲ್ಲ. "ಪುಣ್ಯ ಎಲ್ಲೂ ಹೋಗಲ್ಲ ಸ್ವಾಮಿ, ನೆಗಡಿ ಬರುತ್ತೆ. ಬಕೆಟ್ ತಗೊಳ್ಳಿ" ಎಂದೆ. ಅವರಿಗೆ ಅಷ್ಟೇ ಬೇಕಿತ್ತು.

ನಾನು ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಬೆಳಗ್ಗೆ ಲೈನ್ ಮನೆಗಳಿಂದ ಬಂದ ಆಳುಗಳ ಹಾಜರಿ ಹಾಕುವುದು, ಸಂಜೆ ಕೊಯ್ದ ಹಣ್ಣು ತೂಗಿಸಿ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ. ತಲೆಗೂದಲು ಉದುರಿದ್ದು ಅಲ್ಲೇ. ತೋಟ ಕೈ ಬದಲಾಯಿತು. ಹೊಸಬರಿಗೆ ಕಾಫಿಗಿಂತ ಕಾಟೇಜಿನ ಮೇಲೆ ಆಸೆ ಜಾಸ್ತಿ. ಮೇಸ್ತ್ರಿಗಳನ್ನು ಉಳಿಸಿಕೊಂಡರು, ರೈಟರ್ ಬೇಡ ಎಂದರು. ಪುಸ್ತಕಗಳನ್ನೆಲ್ಲ ಒಪ್ಪಿಸಿ ಮನೆಗೆ ಬಂದೆ. ಆಮೇಲೆ ಮನೆಯಲ್ಲಿ ಗ್ಯಾಸ್ ಎಷ್ಟು ದಿನ ಬಂತು, ಹಾಲು ಎಷ್ಟು, ಸಕ್ಕರೆ ಯಾಕೆ ಇಷ್ಟು ಬೇಗ ಖಾಲಿ ಎಂದು ಬರೆದಿಡತೊಡಗಿದೆ. ನನ್ನ ಹೆಂಡತಿ ಸ್ವಲ್ಪ ದಿನ ಸುಮ್ಮನಿದ್ದಳು. ಒಂದು ದಿನ, "ನಾನೇನು ನಿಮ್ಮ ಲೈನ್ ಮನೆ ಆಳಾ? ಎಲ್ಲಾದ್ರೂ ಹೋಗಿ ನಾಲ್ಕು ಜನಕ್ಕೆ ಉಪಯೋಗ ಆಗಿ" ಅಂದಳು. ಭಾಗಮಂಡಲದಲ್ಲಿ ಯಾತ್ರಿಕರಿಗೆಂದು ನಡೆಯುವ ಒಂದು ನಿವಾಸಕ್ಕೆ ತುಲಾ ಮಾಸದಲ್ಲಿ ಜನ ಬೇಕಿತ್ತು. ಸಂಬಳ ಇಲ್ಲ, ಊಟ ಮತ್ತು ಒಂದು ಮಂಚ. ಹೊರಟೆ.

ಸೇವೆ ಅಂದಾಗ ನನ್ನ ಮನಸ್ಸಿನಲ್ಲಿ ಏನೇನೋ ಇತ್ತು. ವಯಸ್ಸಾದವರ ಕೈ ಹಿಡಿದು ಮೆಟ್ಟಿಲು ಹತ್ತಿಸುವುದು, ಸ್ಥಳಪುರಾಣ ಹೇಳುವುದು, ಹೀಗೆ. ಅಲ್ಲಿದ್ದ ಅಡುಗೆ ಭಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದುಗಡೆ ಕರೆದುಕೊಂಡು ಹೋಗಿ ಹಂಡೆ ತೋರಿಸಿದರು.

ತಾಮ್ರದ ಹಂಡೆ. ಒಳಗೆ ಒಬ್ಬ ಮನುಷ್ಯ ಕೂರಬಹುದು. ಹೊರಗೆ ಮಸಿ ಎಷ್ಟು ದಪ್ಪ ಕಟ್ಟಿತ್ತೆಂದರೆ ಉಗುರಿನಲ್ಲಿ ಕೆರೆದರೆ ಚಕ್ಕೆಯಾಗಿ ಏಳುತ್ತಿತ್ತು. ಚಾವಣಿಯ ಮೇಲೆ ಸೋಲಾರ್ ಕೂಡ ಇದೆ. ಯಾರೋ ಭಕ್ತರು ಕೊಟ್ಟಿದ್ದು, ಅವರ ಹೆಸರಿನ ಹಲಗೆಯೂ ಇದೆ. ಬಿಸಿಲು ಮಾತ್ರ ಇಲ್ಲ. ಮೋಡ ಮುಸುಕಿದ ವಾರಗಳಲ್ಲಿ ಸೋಲಾರ್ ನೀರು ಬಾವಿ ನೀರಿಗಿಂತ ಒಂದು ಮಾತಿನಷ್ಟು ಬೆಚ್ಚಗೆ. ಗೀಸರ್ ಹಾಕಿಸೋಣವೆಂದರೆ ಗಾಳಿಗೆ ಒಂದು ಕೊಂಬೆ ಮುರಿದರೆ ಸಾಕು, ಕರೆಂಟು ಹೋಯಿತು. ಹಂಡೆ ಒಂದೇ ಕೈಬಿಡದ್ದು.

ಹಂಡೆ ಕಾಯಿಸುವುದರಲ್ಲಿ ಏನಿದೆ ಅಂತ ಅನ್ನಿಸಬಹುದು. ಸೌದೆಯಲ್ಲಿದೆ. ಸಿಲ್ವರ್ ಓಕ್ ಹಾಕಿದರೆ ಭರ್ರನೆ ಉರಿದು ಬೂದಿ. ಹಳೇ ಕಾಫಿ ಗಿಡ ಕಿತ್ತ ಬುಡ ಸಿಕ್ಕರೆ ಅದು ಬಂಗಾರ. ಗಂಟು ಗಂಟಾಗಿ ಒಡೆಯಲು ಕಷ್ಟ, ಹತ್ತಿಕೊಳ್ಳಲು ತಡ, ಆದರೆ ಒಮ್ಮೆ ಕೆಂಡವಾದರೆ ಬೆಳಗಿನವರೆಗೂ ಹಂಡೆಯ ತಳ ಬಿಡುವುದಿಲ್ಲ. ಮೂವತ್ತು ವರ್ಷದ ಗಿಡಗಳನ್ನು ಕಿತ್ತು ಹೊಸ ಸಸಿ ಹಾಕುವಾಗ ಬುಡಗಳ ಲೆಕ್ಕ ಬರೆದವನು ನಾನು. ಅವು ಹೀಗೆ ಉರಿಯುತ್ತವೆ ಎಂದು ಕಣ್ಣಾರೆ ನೋಡಿದ್ದು ಇಲ್ಲೇ. ಮಧ್ಯರಾತ್ರಿ ಎದ್ದು ಎರಡು ಬುಡ ತಳ್ಳಿ ಮಲಗಿದರೆ ನಾಲ್ಕೂವರೆಗೆ ಮುಚ್ಚಳ ತೆಗೆಯುವಾಗ ಹಬೆ ಮುಖಕ್ಕೆ ಹೊಡೆಯಬೇಕು. ಕನ್ನಡಕ ಮಂಜಾಗಬೇಕು. ಅಷ್ಟು ಕಾದಿದ್ದರೆ ಒಂದು ಚೆಂಬು ಬಿಸಿ, ಎರಡು ಚೆಂಬು ತಣ್ಣೀರು. ತಲೆಗೊಂದು ಬಕೆಟ್. ಎಷ್ಟು ಜನಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಲು ರೈಟರೇ ಬೇಕು, ಅಲ್ವಾ?

ಆದರೆ ಈ ಲೆಕ್ಕವನ್ನೂ ಬುಡಮೇಲು ಮಾಡುವುದು ಕಾವೇರಮ್ಮ. ತಲಕಾವೇರಿಯ ಪುಟ್ಟ ಕುಂಡಿಕೆಯಲ್ಲಿ ಅವಳು ತೀರ್ಥವಾಗಿ ಉಕ್ಕುವ ತೀರ್ಥೋದ್ಭವ ಪ್ರತಿ ವರ್ಷ ಅಕ್ಟೋಬರ್ 17 ಅಥವಾ 18ಕ್ಕೇ ಬಂದರೂ ಹೊತ್ತು ಒಂದೇ ಇರುವುದಿಲ್ಲ. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆ ಅದು. ಮತ್ತೆ ಅಲ್ಲಿಗೇ ಬರಲು ಅವನಿಗೆ 365 ದಿನ, ಮೇಲೆ 6 ಗಂಟೆ ಚಿಲ್ಲರೆ ಬೇಕು. ಹಾಗಾಗಿ ವರ್ಷವರ್ಷವೂ ತೀರ್ಥ ಸುಮಾರು 6 ಗಂಟೆ ಮುಂದೆ ಹೋಗುತ್ತದೆ. 2023ರಲ್ಲಿ ನಡುರಾತ್ರಿ ದಾಟಿ ಒಂದೂವರೆ ಸುಮಾರಿಗೆ. 2024ರಲ್ಲಿ ಬೆಳಗ್ಗೆ 7.40ಕ್ಕೆ. 2025ರಲ್ಲಿ ಮಧ್ಯಾಹ್ನ 1.44ಕ್ಕೆ. ಇದೇ ಲೆಕ್ಕ ಹಿಡಿದರೆ 2026ರದ್ದು ರಾತ್ರಿ ಎಂಟರ ಆಸುಪಾಸು. ಪಂಚಾಂಗದವರಿಗೆ ಇದು ಗಣಿತ. ನಿವಾಸದವರಿಗೆ ಇದು ಚಾಪೆ, ಕಂಬಳಿ, ಉಪ್ಪಿಟ್ಟು.

ನಡುರಾತ್ರಿಯ ತೀರ್ಥವಾದರೆ ಯಾರೂ ಮಲಗುವುದಿಲ್ಲ, ಕಂಬಳಿ ಮಡಚಿದ್ದು ಮಡಚಿದ ಹಾಗೇ ಇರುತ್ತದೆ. ಆದರೆ ಮೂರು ಗಂಟೆಗೆ ಎಲ್ಲರೂ ಒಟ್ಟಿಗೆ ಒದ್ದೆಯಾಗಿ ಇಳಿದು ಬರುತ್ತಾರೆ, ಒಟ್ಟಿಗೆ ಬಿಸಿನೀರು ಕೇಳುತ್ತಾರೆ. ಬೆಳಗಿನ ತೀರ್ಥವಾದರೆ ಹಿಂದಿನ ಸಂಜೆಯೇ ಬಂದು ಜಗಲಿ, ಮೆಟ್ಟಿಲು, ಊಟದ ಹಾಲು ಎಲ್ಲ ಕಡೆ ಮಲಗಿ, ನಾಲ್ಕಕ್ಕೆಲ್ಲ ಎದ್ದು ಗಲಾಟೆ. ಮಧ್ಯಾಹ್ನದ್ದು ನಮಗೆ ಹಬ್ಬ. ಬಂದು, ನೋಡಿ, ಕತ್ತಲಾಗುವ ಮೊದಲು ಹೊರಟು ಹೋಗುತ್ತಾರೆ. ಸಂಜೆ ದಾಟಿದ ತೀರ್ಥದ ಬಗ್ಗೆ ಭಟ್ಟರಿಗೆ ಈಗಲೇ ತಲೆನೋವು. ಇಳಿದು ಬಂದವರು ಉಂಡು ಹೊರಡುತ್ತಾರೋ, ಉಂಡು ಮಲಗುತ್ತಾರೋ? ಹೇಳುವವರಿಲ್ಲ.

ಕೊಡವರ ಮನೆಗಳವರು ಚಂಗ್ರಾಂದಿಗೆ, ಅಂದರೆ ಈ ತುಲಾ ಸಂಕ್ರಮಣಕ್ಕೆ, ನಮ್ಮಲ್ಲಿ ಉಳಿಯುವುದು ಕಡಿಮೆ. ಭಾಗಮಂಡಲದಿಂದ ಮೇಲಕ್ಕೆ ನಡೆದೇ ಹೋಗುತ್ತಾರೆ, ತೀರ್ಥ ತುಂಬಿಸಿಕೊಂಡು ಊರಿಗೆ ತಿರುಗುತ್ತಾರೆ. ಮನೆಯಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ ಕಣಿಪೂಜೆ ಮಾಡುವುದಿರುತ್ತದೆ, ದೋಸೆ, ಕುಂಬಳಕಾಯಿ ಸಾರು ಇರುತ್ತದೆ. ನಮ್ಮಲ್ಲಿ ಉಳಿಯುವವರು ಮಂಡ್ಯ, ಮೈಸೂರು, ಆಚೆ ತಮಿಳುನಾಡಿನವರು. ಹೊಳೆಯ ಕೆಳಗಿನವರು, ಹೊಳೆ ನೋಡಲು ಬರುವವರು.

ಅವರಲ್ಲಿ ಮಂಡ್ಯ ಕಡೆಯ ಒಬ್ಬ ಅಜ್ಜಿಯನ್ನು ಮರೆಯಲು ಆಗುವುದಿಲ್ಲ. ತಲಕಾವೇರಿ ನೋಡಿ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತರು. ಮುಖದಲ್ಲಿ ಭಕ್ತಿಗಿಂತ ಅನುಮಾನ ಜಾಸ್ತಿ ಇತ್ತು. "ಅಷ್ಟೇನಾ?" ಎಂದರು. ಏನಜ್ಜಿ ಎಂದೆ. "ಆ ಕುಂಡಿಕೆ. ಮೊಣಕೈ ಉದ್ದ ಇಲ್ಲ ಕಣಪ್ಪ. ನಮ್ಮೂರ ನಾಲೇಲಿ ದಿನಾ ಹರಿಯೋ ನೀರು ಅಲ್ಲಿಂದ್ಲೇ ಬತ್ತದಾ?" ನಡುವೆ ಕನ್ನಿಕೆ, ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ ಎಲ್ಲ ಸೇರಿಕೊಂಡ ಮೇಲೆ ಕನ್ನಂಬಾಡಿ ಕಟ್ಟೆ ತುಂಬುತ್ತದೆ ಎಂದು ವಿವರಿಸಿದೆ. ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಪೂಜೆ ಎಲ್ಲಾ ಇವಳಿಗೇ ಯಾಕೆ? ಅವರೂ ನೀರು ತಂದವ್ರೇ ಅಲ್ವಾ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಅಜ್ಜಿ ಬಿಸಿನೀರು ಕೇಳಲಿಲ್ಲ, ಕಾಫಿ ಕೇಳಿದರು. ಸಕ್ಕರೆ ಜಾಸ್ತಿ.

ಸಂಬಳ ಇಲ್ಲದೆ ಕೆಲಸ ಮಾಡುತ್ತೇನೆ ಎಂದರೆ ಜನ ನಂಬುವುದಿಲ್ಲ. ಏನಾದರೂ ಹರಕೆಯಾ ಎಂದು ಕೇಳುತ್ತಾರೆ. ಮಕ್ಕಳು ನೋಡಿಕೊಳ್ಳುವುದಿಲ್ಲವಾ ಎಂದು ಮೆಲ್ಲಗೆ ಕೇಳುತ್ತಾರೆ. ಕೆಲವರು ಹೊರಡುವಾಗ ಕೈಯಲ್ಲಿ ಇಪ್ಪತ್ತರ ನೋಟು ತುರುಕುತ್ತಾರೆ. ಬೇಡ ಎಂದರೆ ಐವತ್ತು ಮಾಡುತ್ತಾರೆ. ಹುಂಡಿ ತೋರಿಸಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಯಾಕೆಂದರೆ ಹುಂಡಿಗೆ ಆಗಲೇ ಹಾಕಿರುತ್ತಾರೆ. ಇನ್ನು ನಮ್ಮಂಥ ಸ್ವಯಂಸೇವಕರಿಗೂ ಒಂದು ರೋಗ ಇದೆ. ಸಂಬಳ ತೆಗೆದುಕೊಳ್ಳುವವನು ಬೈಗುಳ ನುಂಗುತ್ತಾನೆ. ಪುಕ್ಕಟೆ ದುಡಿಯುವವನು ಒಂದು ಮಾತೂ ತಡೆಯುವುದಿಲ್ಲ. ಒಮ್ಮೆ ನಮ್ಮ ಜೊತೆಯವರೊಬ್ಬರು, ನಿವೃತ್ತ ಅಧಿಕಾರಿ, ಚಪಾತಿ ಗಟ್ಟಿಯಾಗಿದೆ ಎಂದ ಯಾತ್ರಿಕರೊಬ್ಬರಿಗೆ ಅರ್ಧ ಗಂಟೆ ತ್ಯಾಗದ ಬಗ್ಗೆ ಭಾಷಣ ಮಾಡಿದರು. ಚಪಾತಿ ನಿಜವಾಗಿಯೂ ಗಟ್ಟಿ ಇತ್ತು. ಭಟ್ಟರು ಒಳಗಿನಿಂದ ನನಗೆ ಮಾತ್ರ ಕೇಳುವ ಹಾಗೆ, "ಸಂಬಳದವರೇ ವಾಸಿ, ಬಯ್ಯಬಹುದು" ಎಂದರು. ಅವರು ಸಂಬಳದವರು.

ಬಿಟ್ಟು ಹೋಗುವ ಸಾಮಾನಿಗೆಂದೇ ಒಂದು ಪೆಟ್ಟಿಗೆ ಇದೆ. ಮಂಕಿ ಕ್ಯಾಪು, ಚಾರ್ಜರು, ಒಂಟಿ ಕಾಲುಚೀಲ. ತೀರ್ಥ ತುಂಬಿದ ಬಾಟಲಿ ಬಿಟ್ಟು ಹೋದವರೂ ಇದ್ದಾರೆ, ಅಷ್ಟು ದೂರ ಅದಕ್ಕೇ ಬಂದವರು! ಅದನ್ನು ಚೆಲ್ಲುವಂತಿಲ್ಲ, ಕುಡಿಯಲು ಮನಸ್ಸಿಲ್ಲ. ಕಿಟಕಿಯಲ್ಲಿ ಸಾಲಾಗಿ ನಿಂತಿವೆ. ಪೆಟ್ಟಿಗೆಯ ಬಗ್ಗೆ ನನಗೆ ಬೇಜಾರಿಲ್ಲ. ಹೊಳೆಯಲ್ಲಿ ಬಿಟ್ಟು ಹೋಗುವ ಬಟ್ಟೆ ಕಂಡರೆ ಮಾತ್ರ ಮೈ ಉರಿಯುತ್ತದೆ. ಮಿಂದ ಸೀರೆ, ಪಂಚೆ ಅಲ್ಲೇ ಬಿಟ್ಟರೆ ಪಾಪವೂ ಹೋಗುತ್ತದೆ ಎಂದು ಯಾರು ಹೇಳಿಕೊಟ್ಟರೋ. ಪಾಪ ಹೋಗುತ್ತದೋ ಇಲ್ಲವೋ, ಸೀರೆ ಹೋಗುವುದಿಲ್ಲ. ಕಲ್ಲಿಗೆ ಸಿಕ್ಕಿ ಅಲ್ಲೇ ಇರುತ್ತದೆ. ಎಳೆದು ಹಾಕಲು ನೀರಿಗಿಳಿದವನ ಕಾಲಿಗೆ ಸುತ್ತಿಕೊಳ್ಳುತ್ತದೆ.

ತುಲಾ ಮಾಸ ಮುಗಿದು ಕಿರು ಸಂಕ್ರಮಣ ಕಳೆದರೆ ಜನ ಇಳಿಯುತ್ತಾರೆ. ನಾನು ಅಲ್ಲೇ ಉಳಿದುಬಿಟ್ಟೆ, ನಡುನಡುವೆ ಮನೆಗೆ ಹೋಗಿ ಬರುತ್ತೇನೆ. ಮಳೆಗಾಲದ ಭಾಗಮಂಡಲ ಬೇರೆಯೇ. ಹೊಳೆ ಉಕ್ಕಿ ಸಂಗಮವೇ ಮುಳುಗುತ್ತದೆ. ಮೊದಲು ರಸ್ತೆಯೂ ಮುಳುಗಿ ಊರು ದ್ವೀಪವಾಗುತ್ತಿತ್ತು. ಈಗ ಮೇಲ್ಸೇತುವೆ ಬಂದಿದೆ. ಕಂಬಳಿಗಳು ತಿಂಗಳುಗಟ್ಟಲೆ ಒಣಗುವುದಿಲ್ಲ, ಬೂಸಲು ವಾಸನೆ. ಅವನ್ನು ಸರದಿಯಂತೆ ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ನೇತು ಹಾಕುತ್ತೇನೆ. ಬೂಸಲು ವಾಸನೆ ಹೋಗಿ ಹೊಗೆ ವಾಸನೆ ಬರುತ್ತದೆ. ಜಿಗಣೆಗೆ ಬಾಗಿಲಲ್ಲೇ ಉಪ್ಪಿನ ಡಬ್ಬ.

ಆ ದಿನಗಳಲ್ಲೂ ಬರುವವರು ಪಿಂಡ ಬಿಡುವವರು. ಸಾವು ತಿಥಿ ನೋಡುತ್ತದೆ, ಮಳೆ ನೋಡುವುದಿಲ್ಲ. ಇವರನ್ನು ದೂರದಿಂದಲೇ ಗುರುತಿಸಬಹುದು. ಏನೂ ಕೇಳುವುದಿಲ್ಲ. ಯಾವ ಕೋಣೆ ಕೊಟ್ಟರೂ ಸರಿ. ಇವರಿಗೆ ಬಿಸಿನೀರು ನಾವೇ ಹೊತ್ತು ಬಾಗಿಲಲ್ಲಿ ಇಡಬೇಕು.

ಕಳೆದ ಮಳೆಯಲ್ಲಿ ಅಪ್ಪನ ಕಾರ್ಯಕ್ಕೆ ಅಣ್ಣ ತಮ್ಮ ಇಬ್ಬರು ಬಂದಿದ್ದರು. ಬೇರೆ ಬೇರೆ ಬಸ್ಸಿನಲ್ಲಿ. ಮಾತು ಬಿಟ್ಟಿದ್ದರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇಬ್ಬರೂ ರಿಜಿಸ್ಟರಿನಲ್ಲಿ ಒಂದೇ ಊರು, ಒಂದೇ ತಂದೆಯ ಹೆಸರು ಬರೆದು, ಬೇರೆ ಕೋಣೆ ಕೇಳಿದರು. ಇದ್ದದ್ದು ಒಂದೇ, ಉಳಿದವು ಸೋರುತ್ತಿದ್ದವು. ಬೆಳಗ್ಗೆ ಸೌದೆ ಒದ್ದೆಯಾಗಿ ಹಂಡೆಯಲ್ಲಿ ಒಂದು ಬಕೆಟ್ಟಿನಷ್ಟು ಮಾತ್ರ ಕಾದಿತ್ತು. ತಂದು ಬಾಗಿಲಲ್ಲಿಟ್ಟೆ. ಅಣ್ಣ ನನ್ನ ಕಡೆ ನೋಡಿ, "ಅವನಿಗೆ ಶೀತ ಆಗಿಬರಲ್ಲ, ಅವನಿಗೆ ಕೊಡಿ" ಎಂದ. ಮಂಚದಿಂದ ತಮ್ಮ, ಅವನೂ ನನಗೇ, "ಅವರು ದೊಡ್ಡವರು, ಅವರು ಮೊದಲು ಮೀಯಲಿ" ಎಂದ. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಅದೇ ಉತ್ತರ. ನಾನು ಬಕೆಟ್ ಬಿಟ್ಟು ಬಂದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಇಬ್ಬರೂ ನಲ್ಲಿ ನೀರು ಸುರಿದುಕೊಂಡು, ನಡುಗುತ್ತಾ, ಒಂದೇ ಕೊಡೆಯಲ್ಲಿ ಸಂಗಮದ ಕಡೆ ಇಳಿಯುತ್ತಿದ್ದರು. ಬಕೆಟ್ ಇಟ್ಟಲ್ಲೇ ಇತ್ತು. ಭಟ್ಟರು ನೀರಿಗೆ ಕೈ ಅದ್ದಿ ನೋಡಿ, ಉಗುರು ಬೆಚ್ಚಗಿದೆ ಎಂದು ಒಳಗೆ ಒಯ್ದು ಪಾತ್ರೆ ತೊಳೆದರು.