ಎತ್ತಿಪೋತಕ್ಕೆ ಕಾಲುದಾರಿಯೇ ಇರಲಿ

ಶ್ರಾವಣ ಬಂತೆಂದರೆ ಚಿಂಚೋಳಿ ತಾಲ್ಲೂಕಿನ ಎತ್ತಿಪೋತ ಜಲಪಾತದ ವಿಡಿಯೊಗಳು ಕಲಬುರಗಿಯವರ ಫೋನುಗಳಲ್ಲೆಲ್ಲ ಓಡಾಡತೊಡಗುತ್ತವೆ. ಅದರ ಬೆನ್ನಿಗೇ ನೀರಿನ ದಡದವರೆಗೆ ಡಾಂಬರು ರಸ್ತೆಯಾಗಬೇಕು, ಮೆಟ್ಟಿಲು ಕಟ್ಟಬೇಕು, ಅಂಗಡಿಗಳು ಬರಬೇಕು ಎಂಬ ಒತ್ತಾಯವೂ ಕೇಳಿಬರುತ್ತದೆ. ನಮ್ಮ ಭಾಗವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ನೋವು ಈ ಒತ್ತಾಯದ ಹಿಂದಿದೆ, ಆ ನೋವು ನನಗೂ ಇದೆ. ಆದರೂ ಮಳೆಗಾಲದಲ್ಲಷ್ಟೇ ಧುಮ್ಮಿಕ್ಕುವ ಈ ನೀರನ್ನು ನೋಡಲು ನಡೆದೇ ಹೋಗುವಂತಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. (ನಾಗಾರ್ಜುನಸಾಗರದ ಬಳಿಯ ಎತ್ತಿಪೋತಲ ಬೇರೆ, ನಾನು ಹೇಳುತ್ತಿರುವುದು ನಮ್ಮ ಕೊಂಚಾವರಂ ಕಾಡಿನ ಕಡೆಯದನ್ನು.)

ನಮ್ಮದು ಮರುಭೂಮಿಯಲ್ಲ, ಆದರೆ ಮೇ ತಿಂಗಳಲ್ಲಿ ಈ ಕಾಡನ್ನು ಕಂಡವರಿಗೆ ಅದು ಮರುಭೂಮಿಯಂತೆಯೇ ತೋರೀತು. ಎಲೆಯುದುರಿದ ಮರಗಳು, ಬಿರುಕು ಬಿಟ್ಟ ನೆಲ, ನೀರಿಲ್ಲದೆ ಬಿಸಿಲಿಗೆ ಕಾದ ಹಳ್ಳದ ಕರಿಗಲ್ಲು, ಇಷ್ಟೇ ಕಾಣುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 700ರಿಂದ 800 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿದುಹೋಗುತ್ತದೆ. ಈ ಸೀಮೆಯ ನೆಲದಡಿಯಲ್ಲಿ ಇರುವುದು ಲಾವಾರಸ ಪದರ ಪದರವಾಗಿ ಹರಿದು ಗಟ್ಟಿಯಾದ ಕರಿಕಲ್ಲು. ಅದರ ಗಟ್ಟಿ ಪದರಗಳು ಹೆಚ್ಚು ನೀರನ್ನು ಹೀರುವುದಿಲ್ಲ. ಎತ್ತರದ ದಿಬ್ಬಗಳ ಮೇಲೆ ಮಾತ್ರ ಜಂಬಿಟ್ಟಿಗೆಯ ಕೆಂಪು ಹೊದಿಕೆಯಿದೆ. ತೂತುತೂತಾದ ಆ ಕಲ್ಲು ಮಳೆಯನ್ನು ಕುಡಿದುಕೊಂಡು, ಕೆಳಗಿನ ಕರಿಕಲ್ಲು ತಡೆದ ಕಡೆಯಲ್ಲಿ ಮೆಲ್ಲಮೆಲ್ಲನೆ ಒಸರುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವರು ತೋಡಿದ ಸುರಂಗ ಬಾವಿ ನೀರು ಪಡೆದದ್ದು ಇದೇ ಕಲ್ಲುಗಳ ಸಂದಿನಿಂದ. ಮಳೆ ನಿಂತ ಮೇಲೂ ನಮ್ಮ ಹಳ್ಳಗಳು ಕೆಲವು ಕಾಲ ಹರಿಯುವುದಕ್ಕೆ ಈ ಕೆಂಪು ಹೊದಿಕೆಯೂ ಅದರ ಮೇಲಿನ ಹುಲ್ಲೂ ಗಿಡಗಂಟಿಯೂ ಕಾರಣ. ಅಲ್ಲಿಯೇ ನೆಲವನ್ನು ಗಟ್ಟಿಮಾಡಿ ರಸ್ತೆ ಎಳೆದು, ವಾಹನ ನಿಲ್ಲಿಸಲು ಬಯಲು ಸಮತಟ್ಟು ಮಾಡಿದರೆ ಬಿದ್ದ ಮಳೆ ಒಂದೇ ಏಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಜಲಪಾತ ಎರಡು ದಿನ ಭೋರ್ಗರೆದು, ನಂತರ ಬರಿಯ ಬಂಡೆಯಾಗಿ ಉಳಿಯುತ್ತದೆ. ನೋಡಲು ಬರುವವರಿಗಾಗಿ ಮಾಡಿದ ರಸ್ತೆಯೇ ನೋಡಬೇಕಾದ ನೀರನ್ನು ಕಳೆದರೆ ಅದರಿಂದ ಯಾರಿಗೆ ಲಾಭವಾದೀತು?

ಹುಬ್ಬಾ ಮಳೆಯ ಹೊತ್ತಿಗೆ ಈ ದಾರಿಯಲ್ಲಿ ನಡೆದವರಿಗೆ ಬೇರೆಯದೇ ಜಗತ್ತು ಎದುರಾಗುತ್ತದೆ. ತೊಗರಿ ಹೊಲಗಳ ಎರೆಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಗುತ್ತದೆ. ಹೊಲ ದಾಟಿ ಕೆಂಪು ಗರಸಿನ ನೆಲ ಹತ್ತಿದೊಡನೆ ನಡಿಗೆ ಹಗುರಾಗುತ್ತದೆ. ಹಳ್ಳದ ಬಂಡೆಗಳಲ್ಲಿ ಒರಳಿನಷ್ಟು ದುಂಡಗಿನ ಕುಳಿಗಳಿವೆ. ನೀರು ತಗ್ಗಿದಾಗ ಅವುಗಳೊಳಗೆ ಕೈಯಿಟ್ಟರೆ ನುಣುಪಾದ ಉರುಟು ಕಲ್ಲುಗಳು ಸಿಗುತ್ತವೆ. ಪ್ರವಾಹ ಆ ಕಲ್ಲುಗಳನ್ನು ಗಿರಗಿರನೆ ತಿರುಗಿಸುತ್ತಲೇ ಬಂಡೆಯನ್ನು ಕೊರೆದಿದೆ. ದಡದ ಮರಗಳ ಕೊಂಬೆಗಳಲ್ಲಿ, ನಮ್ಮ ತಲೆಗಿಂತ ಎತ್ತರದಲ್ಲಿ, ಒಣಹುಲ್ಲು ಮತ್ತು ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿರುವುದನ್ನು ದಯವಿಟ್ಟು ಎಲ್ಲರೂ ನಿಂತು ನೋಡಬೇಕು, ಏಕೆಂದರೆ ನೀರು ಅಷ್ಟು ಎತ್ತರಕ್ಕೆ ಏರಿತ್ತು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಬೇಕಿಲ್ಲ. ನೀರನ್ನು ಹಿಡಿದಿಡದ ಕಲ್ಲುನೆಲದಲ್ಲಿ ಮೇಲಿನ ಗುಡ್ಡಕ್ಕೆ ಮಳೆ ಬಿದ್ದರೆ ಸಾಕು, ಕೆಳಗೆ ಬಿಸಿಲಿದ್ದರೂ ಹಳ್ಳ ತುಂಬಿ ಬರುತ್ತದೆ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಮೇಲಿನಿಂದ ಮೊರೆತ ಕೇಳಿದರೆ ಆ ಕ್ಷಣವೇ ದಡ ಹತ್ತಬೇಕು. ಕಾರಿನಿಂದಿಳಿದು ನೇರವಾಗಿ ನೀರಿಗಿಳಿಯುವವರಿಗೆ ಇದನ್ನು ಯಾರು ಹೇಳುತ್ತಾರೆ? ನಡೆದು ಬಂದವರು ಗುಡ್ಡದ ಮೇಲಿನ ಮೋಡವನ್ನೂ ಹಳ್ಳದ ಬಣ್ಣವನ್ನೂ ದಾರಿಯುದ್ದಕ್ಕೂ ನೋಡಿಕೊಂಡೇ ಬಂದಿರುತ್ತಾರೆ.

ಇಲ್ಲಿನ 134 ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡು ಚಿಂಚೋಳಿ ವನ್ಯಜೀವಿಧಾಮ. ತೋಳ ಮತ್ತು ಕತ್ತೆಕಿರುಬ ಬದುಕಿರುವ ಒಣಕಾಡು ಕಲ್ಯಾಣ ಕರ್ನಾಟಕದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಯೋಚಿಸಿದರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಹೋಗಬೇಕು, ಕತ್ತಲಾಗುವ ಮುನ್ನ ಹೊರಗೆ ಬರಬೇಕು, ಡಿಜೆ ಸದ್ದು ಮತ್ತು ಮದ್ಯದ ಬಾಟಲಿ ಅಲ್ಲಿಗೆ ಸಲ್ಲದು.

ವೃದ್ಧರು, ಅಂಗವಿಕಲರು ನೋಡುವುದು ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅವರಿಗಾಗಿ ಹತ್ತಿರದ ಚಂದ್ರಂಪಳ್ಳಿ ಜಲಾಶಯದ ದಡವನ್ನು ಚೆನ್ನಾಗಿ ಸಜ್ಜುಗೊಳಿಸಲಿ. ಎತ್ತಿಪೋತಕ್ಕೆ ಖರ್ಚು ಮಾಡುವ ಹಣವಿದ್ದರೆ ಅದನ್ನು ಮೊದಲು ತಾಂಡಾಗಳ ಯುವಕ ಯುವತಿಯರಿಗೆ ಮಾರ್ಗದರ್ಶಕರ ತರಬೇತಿ ಕೊಡಲು ಬಳಸಬೇಕು. ಕೆಲಸ ಹುಡುಕಿಕೊಂಡು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳ ಮಕ್ಕಳು ಅವರು. ಯಾವ ಬಂಡೆ ಜಾರುತ್ತದೆ, ಯಾವ ತಿರುವಿನಲ್ಲಿ ಸುಳಿಯಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಪ್ರತಿ ತಂಡದೊಂದಿಗೆ ಅವರಲ್ಲೊಬ್ಬರು ಬರುವುದು ಕಡ್ಡಾಯವಾಗಲಿ, ಅದರ ಕೂಲಿ ನೇರವಾಗಿ ಅವರ ಕೈಗೆ ಸೇರಲಿ, ಮತ್ತು ಮೇಲಿನ ಗುಡ್ಡದಲ್ಲಿ ಜೋರು ಮಳೆಯಾದ ದಿನ ದಾರಿ ಮುಚ್ಚುವ ಅಧಿಕಾರವೂ ಅವರಿಗಿರಲಿ.