ಖಡಿ ಕೆಳಗಿನ ಅರಿವಿ

ರೋಡ್ ರೋಲರ್ ಊರಿಗೆ ಬಂದಾಗ ಶಿಳ್ಳೆ ಹೊಡೆದವರನ್ನು ನಾನಂತೂ ನೋಡಿಲ್ಲ. ಟಿಪ್ಪರ್‌ಗೆ ಜೈಕಾರ ಹಾಕಿದವರಿಲ್ಲ. ಕಾಂಕ್ರೀಟ್ ಮಿಕ್ಸರ್ ತೋರಿಸಿ ಯಾರೂ ಮತ ಕೇಳಿಲ್ಲ. ಟಿಕೆಟ್ ಇಲ್ಲದೆ, ಕ್ಷೇತ್ರವಿಲ್ಲದೆ, ಬರೀ ತಳ್ಳುವ ಬಲದ ಮೇಲೆ ನಾಯಕನಾದ ಯಂತ್ರವೆಂದರೆ ಬುಲ್ಡೋಜರ್ ಒಂದೇ. ಅದು ಭಾಷಣದಲ್ಲಿದೆ, ಬ್ಯಾನರಿನಲ್ಲಿದೆ, ರಾತ್ರಿಯ ಟಿವಿ ಚರ್ಚೆಯಲ್ಲಿದೆ. ಮನೆ ಕೆಡವುವ ಮೊದಲು ಕನಿಷ್ಠ 15 ದಿನದ ನೋಟಿಸ್ ಕೊಡಿ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು ಎಂದ ಮೇಲೆ ಅದರ ವರ್ಚಸ್ಸು ಎಂಥದ್ದಿರಬೇಕು ನೋಡಿ.

ಕರ್ನಾಟಕದ ನಾವು ಈ ಭಕ್ತಿಯನ್ನು ಸ್ವಲ್ಪ ಸಾತ್ವಿಕ ಮಾಡಿಕೊಂಡಿದ್ದೇವೆ. ನಮ್ಮಲ್ಲಿ ಕ್ರೇನು ಸೇಬಿನ ಹಾರ ಎತ್ತುತ್ತದೆ, ಜೆಸಿಬಿಯ ಬಕೆಟ್ಟು ಚೆಂಡು ಹೂವಿನ ದಳ ಸುರಿಸುತ್ತದೆ. ಕೆಳಗೆ ತೆರೆದ ವಾಹನದಲ್ಲಿ ನಾಯಕರು ಕೈ ಮುಗಿದು ನಿಂತಿರುತ್ತಾರೆ. ಜೆಸಿಬಿ ಅಗೆಯುವುದನ್ನು ಕೆಲಸ ಬಿಟ್ಟು ನಿಂತು ನೋಡುವ ಜನರನ್ನು 2019ರಲ್ಲಿ ಇಡೀ ದೇಶ ಗೇಲಿ ಮಾಡಿತ್ತು. ಹೂ ಸುರಿಸುವುದನ್ನು ನಿಂತು ನೋಡುವವರನ್ನು ಮಾತ್ರ ಕಾರ್ಯಕರ್ತರು ಎನ್ನುತ್ತಾರೆ.

ಅಂದಹಾಗೆ, ಟಿವಿಯವರು ಬುಲ್ಡೋಜರ್ ಬುಲ್ಡೋಜರ್ ಎಂದು ಕಿರುಚುವಾಗ ಪರದೆಯ ಮೇಲೆ ಕಾಣುವುದು ಬಹುತೇಕ ಈ ಜೆಸಿಬಿಯೇ: ಮುಂದೊಂದು ಬಕೆಟ್, ಹಿಂದೊಂದು ಉದ್ದ ತೋಳು, ನಾಲ್ಕು ರಬ್ಬರ್ ಗಾಲಿ. ನಿಜವಾದ ಬುಲ್ಡೋಜರ್ ಉಕ್ಕಿನ ಪಟ್ಟಿಗಳ ಮೇಲೆ ತೆವಳುತ್ತದೆ, ಮುಂದೆ ಅಗಲವಾದ ಬ್ಲೇಡ್ ಇರುತ್ತದೆ. ನಮ್ಮ ಕೆಜಿಎಫ್‌ನಲ್ಲೇ ಬಿಇಎಂಎಲ್ ಕಂಪನಿಯವರು ದಶಕಗಳಿಂದ ಅದನ್ನು ತಯಾರಿಸುತ್ತ ಬಂದಿದ್ದಾರೆ. ಆ ಪಾಪದ ಪ್ರಾಣಿಗೆ ತನ್ನ ಹೆಸರಲ್ಲಿ ಯಾರೋ ಖ್ಯಾತಿ ಗಳಿಸುತ್ತಿರುವ ಸುದ್ದಿಯೇ ತಲುಪಿಲ್ಲ.

ಅದಕ್ಕೆ ಗೊತ್ತಿರುವ ಕೆಲಸಗಳಲ್ಲಿ ಒಂದು ಬಹಳ ನಾಜೂಕಿನದು. ಮೆತ್ತನೆ ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ, ಬಟ್ಟೆ ಹರಿಯದಂತೆ, ಸುಕ್ಕಾಗದಂತೆ ಜಲ್ಲಿ ಹರಡುವುದು. ಈ ಕೆಲಸಕ್ಕೆ ಹೂವಿಲ್ಲ, ಶಿಳ್ಳೆಯಿಲ್ಲ. ಮುಗಿದ ಮೇಲೆ ಕಣ್ಣಿಗೆ ಕಾಣುವುದೂ ಇಲ್ಲ. ಹೀಗಾಗಿ ನಮ್ಮ ಕಡೆ ಅದನ್ನು ಯಾರೂ ಮಾಡುವುದಿಲ್ಲ, ಬರೆಯುತ್ತಾರೆ.

ನಮ್ಮ ಕಡೆ ಅಂದರೆ ಎರೆಮಣ್ಣಿನ ಸೀಮೆ. ಧಾರವಾಡದ ಮೂಡಣ ಭಾಗದಿಂದ ಹಿಡಿದು ಗದಗ, ವಿಜಯಪುರ, ರಾಯಚೂರು, ಕಲಬುರಗಿಯವರೆಗೆ ಹರಡಿಕೊಂಡಿರುವ ಈ ಕಪ್ಪು ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅದರ ಮೇಲೆ ನೇರವಾಗಿ ಜಲ್ಲಿ, ನಮ್ಮ ಮಾತಿನ ಖಡಿ, ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಲಾರಿ ಓಡಾಡಿದಂತೆಲ್ಲ ಕಲ್ಲು ಕೆಳಗಿಳಿಯುತ್ತದೆ, ಕಲ್ಲಿನ ಸಂದಿಯಿಂದ ಕೆಸರು ಮೇಲೇರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಜಲ್ಲಿ ಎಲ್ಲಿ ಹೋಯಿತೆಂದು ಕೇಳಿದರೆ ಭೂಮಿತಾಯಿಯೇ ಹೇಳಬೇಕು. ಈ ಮಣ್ಣು ರೈತನಿಗೆ ಹಿಂಗಾರಿ ಜೋಳ ಕೊಡುತ್ತದೆ, ಗುತ್ತಿಗೆದಾರನಿಗೆ ವರ್ಷಕ್ಕೊಂದು ಟೆಂಡರ್ ಕೊಡುತ್ತದೆ. ಇಬ್ಬರಲ್ಲಿ ಯಾರ ಫಸಲು ಖಾತ್ರಿ ಎಂಬುದನ್ನು ಬೆಳೆ ವಿಮೆಯವರನ್ನು ಕೇಳಬೇಕಾಗಿಲ್ಲ.

ಈ ಕಲ್ಲು-ಕೆಸರಿನ ಕೂಡಾವಳಿ ತಪ್ಪಿಸಲಿಕ್ಕೆ ಇರುವುದೇ ಜಿಯೋಟೆಕ್ಸ್‌ಟೈಲ್ ಎಂಬ ಬಟ್ಟೆ, ನಮ್ಮ ಮಾತಿನಲ್ಲಿ ಅರಿವಿ. ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಯೂರಿಯಾ ಚೀಲ ನೇಯುವ ಪ್ಲಾಸ್ಟಿಕ್ಕೇ. ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ, ಮೇಲಿನ ಭಾರವನ್ನು ಅಷ್ಟಗಲ ಹಂಚುತ್ತದೆ. ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. 1926ರಲ್ಲೇ ಅಮೆರಿಕದ ಸೌತ್ ಕ್ಯಾರೊಲಿನಾದ ಹೆದ್ದಾರಿ ಇಲಾಖೆಯವರು ರಸ್ತೆಗೆ ಹತ್ತಿಬಟ್ಟೆ ಹಾಸಿ, ಮೇಲೆ ಬಿಸಿ ಡಾಂಬರು ಸುರಿದು ಪ್ರಯೋಗ ಶುರು ಮಾಡಿದರು. ಫಲಿತಾಂಶ ಪ್ರಕಟಿಸಿದ್ದು 1935ರಲ್ಲಿ. ಒಂದು ರಸ್ತೆ ಹೇಗೆ ಬಾಳುತ್ತದೆಂದು ಒಂಬತ್ತು ವರ್ಷ ಕಾದು ನೋಡುವುದು! ಅಷ್ಟು ಹೊತ್ತಿಗೆ ನಮ್ಮಲ್ಲಿ ಅದೇ ರಸ್ತೆಗೆ ಮೂವರು ಶಾಸಕರು ಭೂಮಿಪೂಜೆ ಮಾಡಿ, ಮೂರು ಕಲ್ಲಿನಲ್ಲಿ ಹೆಸರು ಕೆತ್ತಿಸಿರುತ್ತಿದ್ದರು. ಆ ಕಲ್ಲುಗಳು ಮಾತ್ರ ಯಾವ ಮಣ್ಣಿನಲ್ಲೂ ಮುಳುಗುವುದಿಲ್ಲ.

ಕಾಗದದಲ್ಲಿ ನಾವು ಹಿಂದೆ ಬಿದ್ದವರಲ್ಲ. ಕೇಂದ್ರ ರಸ್ತೆ ಸಚಿವಾಲಯದ ನಿರ್ದಿಷ್ಟತೆಗಳ ದಪ್ಪ ಪುಸ್ತಕದಲ್ಲಿ ಈ ಬಟ್ಟೆಗಳಿಗೆಂದೇ 700ನೇ ವಿಭಾಗವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 59 ಎಂಬ ಕೈಪಿಡಿಯಿದೆ. ಅದನ್ನೆಲ್ಲ ಓದಿಯೇ ನಮ್ಮೂರ ಹೊಲದ ದಾರಿಗೆ ಎಸ್ಟಿಮೇಟ್ ತಯಾರಾಯಿತು. ಅದರಲ್ಲಿ ಬಟ್ಟೆ ಇತ್ತು, ಖಡಿ ಇತ್ತು, ಗರಸು ಮಣ್ಣು ಇತ್ತು, ಬುಲ್ಡೋಜರಿನ ತಾಸಿನ ಬಾಡಿಗೆಯೂ ಇತ್ತು. ಓದಿದರೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ಚೆನ್ನಾದ ರಸ್ತೆ.

ಬಟ್ಟೆಯ ಸುರುಳಿಗಳು ಬಂದವು, ಸಾಹೇಬರ ತಾರೀಖು ಬರಲಿಲ್ಲ. ಗುದ್ದಲಿ ಪೂಜೆಯಿಲ್ಲದೆ ಗುದ್ದಲಿ ಮುಟ್ಟುವುದು ಅಶುಭ ಎಂದು ಸುರುಳಿ ಬಿಚ್ಚಿ ಫೋಟೊಗೆಂದು ಒಂದಷ್ಟು ದೂರ ಹಾಸಿಟ್ಟು ಎಲ್ಲರೂ ಮನೆಗೆ ಹೋದರು. ಈ ಬಟ್ಟೆಗೆ ಬಿಸಿಲಾಗದು, 14 ದಿನದೊಳಗೆ ಮೇಲೆ ಕಲ್ಲು ಮುಚ್ಚಬೇಕು ಎನ್ನುವುದು ಸಾಮಾನ್ಯ ನಿಯಮ. ಮನೆ ಕೆಡವಲು 15 ದಿನ, ಬಟ್ಟೆ ಮುಚ್ಚಲು 14 ದಿನ. ಬುಲ್ಡೋಜರಿಗೆ ಇರುವ ಎರಡೇ ಗಡುವುಗಳಲ್ಲಿ ಎರಡನ್ನೂ ಮೀರಿದ ಕೀರ್ತಿ ನಮ್ಮದಾಗಲಿ ಎಂದು ಏಪ್ರಿಲ್ ಪೂರ್ತಿ ಆ ಬಟ್ಟೆ ಬಿಸಿಲಲ್ಲಿ ಬಿದ್ದಿತ್ತು. ಬಿಚ್ಚದೆ ಉಳಿದ ಸುರುಳಿಗಳು ಮಾತ್ರ ಒಂದೊಂದಾಗಿ ಕಾಣೆಯಾದವು. ತನಿಖೆ ಬೇಕಾಗಲಿಲ್ಲ. ಊರ ಬಣವಿಗಳೆಲ್ಲ ಒಂದೇ ವಾರದಲ್ಲಿ ಕಪ್ಪು ಅರಿವಿ ಹೊದ್ದುಕೊಂಡವು. ಒಣಹಾಕಿದ ಮೆಣಸಿನಕಾಯಿ, ಉಳ್ಳಾಗಡ್ಡಿ ರಾಶಿ, ಒಂದು ಮದುವೆಯ ಹಂದರ, ಎಲ್ಲದರ ಮೇಲೂ 700ನೇ ವಿಭಾಗ.

ಮೊದಲ ಮಳೆ ಬಿತ್ತು. ಮರುದಿನ ಗ್ರಾಮಸಭೆಯಲ್ಲಿ ಗದ್ದಲ.

“ಸರಕಾರದ ತಾಡಪತ್ರಿ ಸೋರಾಕತ್ತೈತ್ರೀ! ಹೊಟ್ಟು ಎಲ್ಲ ನೆನೆದು ಹೋತು. ಇಂಥಾ ಕಳಪೆ ಮಾಲು ತಂದಾವ್ರು ಯಾರು?”

ಅದು ತಾಡಪತ್ರಿಯಲ್ಲ, ನೀರು ಬಿಡುವುದೇ ಅದರ ಧರ್ಮ ಎಂದು ಕಿರಿಯ ಇಂಜಿನಿಯರ್ ವಿವರಿಸಲು ಎದ್ದರು. ಪಕ್ಕದಲ್ಲಿದ್ದ ಗುತ್ತಿಗೆದಾರರು ಅವರ ಅಂಗಿ ಜಗ್ಗಿ ಕೂರಿಸಿದರು. ವಿವರಿಸಿದರೆ ಬಣವಿಯ ಮೇಲಿರುವುದು ರಸ್ತೆಯ ಬಟ್ಟೆ ಎಂದು ಒಪ್ಪಿದಂತಾಗುತ್ತದೆ. ಸುಮ್ಮನಿದ್ದರೆ ಬರೀ ಕಳಪೆಯ ಆರೋಪ. ಕಳಪೆಯ ಆರೋಪ ನಮ್ಮಲ್ಲಿ ಯಾರಿಗೂ ಹೆಚ್ಚು ದಿನ ನೋಯುವುದಿಲ್ಲ.

ಕೊನೆಗೂ ಪೂಜೆಯಾಗಿ, ಖಡಿ ಹರಡುವ ದಿನ ಬಂತು. ಪುಸ್ತಕದ ಪ್ರಕಾರ ಆ ದಿನ ಆಗಬೇಕಾದದ್ದು ಇಷ್ಟು. ಮೊದಲು ಜಾಲಿಯ ಬೊಡ್ಡೆ, ಮುಳ್ಳು, ಚೂಪುಗಲ್ಲು ತೆಗೆದು ನೆಲ ಹಸನು ಮಾಡಬೇಕು. ಬಟ್ಟೆಯನ್ನು ದಾರಿಯ ಉದ್ದಕ್ಕೆ ಬಿಗಿಯಾಗಿ ಹಾಸಬೇಕು. ಒಂದು ಸುರುಳಿ ಮುಗಿದು ಇನ್ನೊಂದು ಶುರುವಾಗುವಲ್ಲಿ, ನೆಲ ಗಟ್ಟಿಯಿದ್ದರೆ ಒಂದಡಿ, ತೀರ ಮೆತ್ತಗಿದ್ದರೆ ಮೂರಡಿಯವರೆಗೂ ಒಂದರ ಮೇಲೊಂದು ಬರಬೇಕು. ಅದೂ ಕಲ್ಲು ತಳ್ಳುತ್ತ ಹೋಗುವ ದಿಕ್ಕು ನೋಡಿಕೊಂಡು ಹಿಂದಿನದರ ಅಂಚು ಮೇಲಿರಬೇಕು, ಇಲ್ಲದಿದ್ದರೆ ತಳ್ಳುವ ಕಲ್ಲೇ ಮುಂದಿನ ಬಟ್ಟೆಯ ಅಂಚನ್ನು ಎತ್ತಿ ಸುತ್ತುತ್ತದೆ. ಟಿಪ್ಪರ್ ಬಟ್ಟೆಯ ಮೇಲೆ ಗಾಲಿ ಇಡಕೂಡದು. ಆಗಲೇ ಹರಡಿದ ಕಲ್ಲಿನ ಮೇಲೆ ಹಿಮ್ಮುಖವಾಗಿ ಬಂದು, ಕಲ್ಲಿನ ಮೇಲೆಯೇ ಸುರಿದು ಹೋಗಬೇಕು. ಅಲ್ಲಿಂದ ಬುಲ್ಡೋಜರ್ ಬ್ಲೇಡ್ ತುಸು ಎತ್ತಿಕೊಂಡು ರಾಶಿಯನ್ನು ಮುಂದೆ ಮುಂದೆ ತಳ್ಳುತ್ತ, ತಾನು ಹಾಸಿದ ಕಲ್ಲಿನ ಮೇಲೆ ತಾನೇ ನಡೆಯುತ್ತ ಹೋಗಬೇಕು. ಅದರ ಪಟ್ಟಿಗೂ ಬಟ್ಟೆಗೂ ನಡುವೆ ಆರೇಳು ಇಂಚು ಕಲ್ಲಾದರೂ ಇರಬೇಕು. ಮೊದಲ ಪದರದ ಮೇಲೆ ಗರಕ್ಕನೆ ತಿರುಗಬಾರದು, ಗಕ್ಕನೆ ನಿಲ್ಲಬಾರದು. ಎಲ್ಲಾದರೂ ಗಾಲಿಯ ಜಾಡು ತಗ್ಗಾದರೆ ಅಕ್ಕಪಕ್ಕದ ಕಲ್ಲು ಕೆರೆದು ಸಮ ಮಾಡುವಂತಿಲ್ಲ, ತಗ್ಗಿಗೆ ಹೊಸ ಕಲ್ಲನ್ನೇ ತುಂಬಬೇಕು. ಕೆರೆದರೆ ಮೇಲೆ ಸಪಾಟು, ಒಳಗೆ ಕಲ್ಲಿನ ಪದರ ತೆಳ್ಳಗೆ.

ಇದನ್ನೆಲ್ಲ ಓದಿದಾಗ ನನಗೆ ಅನ್ನಿಸಿದ್ದು, ಹತ್ತಾರು ಟನ್ ತೂಕದ ಯಂತ್ರದಿಂದ ಇಷ್ಟು ಸಂಯಮ ಬಯಸುವ ದೇಶ ತನ್ನ ಜನಪ್ರತಿನಿಧಿಗಳಿಂದಲೂ ಒಂಚೂರು ಬಯಸಬಹುದಿತ್ತು. ಇರಲಿ.

ಆದದ್ದು ಏನೆಂದರೆ, ಬುಲ್ಡೋಜರ್ ಬರಲಿಲ್ಲ. ಅದರ ಬದಲು, ಬೆಳಿಗ್ಗೆ ಪೂಜೆಯಲ್ಲಿ ಹೂ ಸುರಿಸಿದ್ದ ಜೆಸಿಬಿಯನ್ನೇ ಕರೆದರು. ಬಕೆಟ್ಟಿನ ಮೂಲೆಯಲ್ಲಿ ದಳಗಳು ಇನ್ನೂ ಅಂಟಿಕೊಂಡಿದ್ದವು. ಟಿಪ್ಪರಿನವನು ಬಟ್ಟೆಯ ನಟ್ಟನಡುವೆ ಗಾಡಿ ನಿಲ್ಲಿಸಿ ಖಡಿ ಸುರಿದ. ಜೆಸಿಬಿ ನಾಲ್ಕು ಸಲ ಹಿಂದೆ ಮುಂದೆ ಹೋಗಿ, ಒಂದು ಸಲ ಪೂರ್ತಿ ತಿರುಗಿ, ಬಟ್ಟೆಯನ್ನು ಗಾಲಿಗೆ ಸುತ್ತಿಕೊಂಡು ನಿಂತಿತು. ಕತ್ತರಿಸಿ ಬಿಡಿಸಬೇಕಾಯಿತು. ಆ ತುಂಡು ಡ್ರೈವರ್ ಸೀಟಿನ ಮೇಲೆ ಕವರ್ ಆಯಿತು. ಇಡೀ ಯೋಜನೆಯಲ್ಲಿ ಕಲ್ಲು ಮಣ್ಣಿನ ನಡುವೆ ಅಲ್ಲದಿದ್ದರೂ ಮನುಷ್ಯ ಮತ್ತು ಯಂತ್ರದ ನಡುವೆ ಪ್ರತ್ಯೇಕಿಸುವ ಕೆಲಸವನ್ನು ನಿಷ್ಠೆಯಿಂದ ಮಾಡಿದ ಬಟ್ಟೆ ಅದೊಂದೇ. ಉಳಿದ ದಾರಿಗೆ ಖಡಿ ನೇರ ಎರೆಮಣ್ಣಿನ ಮೇಲೆಯೇ ಬಿತ್ತು. ಸಂಜೆ ಹೊತ್ತಿಗೆ ರೋಲರ್ ಓಡಿತು, ಕೆಲಸದ ಅಳತೆ ಬರೆದಿಡುವ ಎಂ.ಬಿ. ಪುಸ್ತಕದಲ್ಲಿ ಉದ್ದ, ಅಗಲ, ಅಂಚಿನ ಮೇಲೆ ಅಂಚು ಬಂದ ಅಳತೆ ಸಮೇತ ಬಟ್ಟೆಯ ಬಾಬತ್ತು ಏರಿತು.

ನಮ್ಮೂರ ಕಾಕಾ ಒಬ್ಬರು ಊರುಗೋಲಿನಿಂದ ಖಡಿ ಕೆದಕುತ್ತ ಗುತ್ತಿಗೆದಾರರನ್ನು ಕೇಳಿದರು: “ಸಾಹೇಬ್ರ, ಅರಿವಿ ಎಲ್ಲೈತ್ರೀ?”

“ಕೆಳಗೈತಿ, ಕಾಕಾ.”

“ಕಾಣವಲ್ತಲ್ರೀ.”

“ಕಂಡ್ರ ಕೆಲಸ ಕಚ್ಚಾ ಆಗೈತಿ ಅಂತ ಅರ್ಥ. ಕಾಣ್ಲಿಲ್ಲ ಅಂದ್ರ ಪಕ್ಕಾ.”

ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ದೇವರ ವಿಷಯದಲ್ಲಿ ಸಾವಿರಾರು ವರ್ಷಗಳಿಂದ ನಡೆದಿರುವ ವಾದವನ್ನೇ ಲೋಕೋಪಯೋಗಿ ಕಾಮಗಾರಿಗೂ ಅನ್ವಯಿಸಿದ್ದಾರೆ, ಅಷ್ಟೆ.

ಪ್ಲಾಸ್ಟಿಕ್ ಬೇಡವೆಂದರೆ ತೆಂಗಿನ ನಾರಿನ ಬಟ್ಟೆಯೂ ಉಂಟು. 2020ರಲ್ಲಿ ಕೇಂದ್ರ ಸರ್ಕಾರ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಅದನ್ನು ಒಪ್ಪಿ, ಏಳು ರಾಜ್ಯಗಳಲ್ಲಿ ಒಟ್ಟು 1,674 ಕಿ.ಮೀ. ಎಂದು ಪಟ್ಟಿ ಹೊರಡಿಸಿತು. ಒಡಿಶಾ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ಗುಜರಾತ್, ತೆಲಂಗಾಣ, ಕೇರಳ. ಸುತ್ತಲಿನವರೆಲ್ಲ ಇದ್ದಾರೆ. ತಿಪಟೂರಿನ ಕೊಬ್ಬರಿ ಇಟ್ಟುಕೊಂಡ ನಾವು ಆ ಪಟ್ಟಿಯಲ್ಲಿ ಇರಲಿಲ್ಲ. ಬಹುಶಃ ನಮ್ಮ ತೆಂಗಿನಕಾಯಿಗಳೆಲ್ಲ ಭೂಮಿಪೂಜೆಗಳಲ್ಲೇ ಒಡೆದು ಮುಗಿದಿರಬೇಕು.

ಆಷಾಢದಲ್ಲಿ ನಾಲ್ಕು ದಿನ ಜಡಿಮಳೆ ಹಿಡಿಯಿತು. ಹೊರಗಿನ ಸಂಸ್ಥೆಯಿಂದ ತಪಾಸಣೆ ಆಗಬೇಕೆಂಬ ನಿಯಮವಿದೆಯಲ್ಲ, ಅದನ್ನು ಮಳೆ ಉಚಿತವಾಗಿ ಮಾಡಿಕೊಟ್ಟಿತು. ಖಡಿ ಕೆಳಗೆ ಹೋಯಿತು, ಕೆಸರು ಮೇಲೆ ಬಂತು, ಟ್ರ್ಯಾಕ್ಟರೊಂದು ಅಚ್ಚಿನವರೆಗೂ ಹೂತು ಕುಳಿತಿತು. ಅದರ ಬೆನ್ನಿಗೇ ಕುಡಿಯುವ ನೀರಿನ ಪೈಪಿನವರು ಬಂದು ದಾರಿಯನ್ನು ಅಡ್ಡಡ್ಡ ಅಗೆದರು. ಸಾಮಾನ್ಯವಾಗಿ ನಾವು ಇವರನ್ನು ಬೈಯುತ್ತೇವೆ. ಈ ಸಲ ಊರೇ ಗುಂಡಿಯ ಸುತ್ತ ನೆರೆದು, ಬಗ್ಗಿ ಬಗ್ಗಿ ನೋಡಿತು. ಕಪ್ಪು ಮಣ್ಣಿತ್ತು, ಮಣ್ಣಿನೊಳಗೆ ಖಡಿಯಿತ್ತು. ಅರಿವಿಯ ಒಂದು ಎಳೆಯೂ ಇರಲಿಲ್ಲ.

ದೂರು ಹೋಯಿತು. ಅಧಿಕಾರಿಗಳು ಬಂದರು. ಅಗೆದ ಜಾಗ ನೋಡಿದರು, ಫೋಟೊ ತೆಗೆದರು, ಬಣವಿಗಳ ಕಡೆ ಮಾತ್ರ ಯಾರೂ ಕತ್ತು ತಿರುಗಿಸಲಿಲ್ಲ. ಪೈಪಿನ ಅಗೆತದಿಂದ ಬಟ್ಟೆಗೆ ಹಾನಿಯಾಗಿದೆ ಎಂದು ವರದಿ ಬರೆದುಕೊಂಡು ಹೋದರು. ಎರಡು ತಿಂಗಳ ಮೇಲೆ ಹೊಸ ಎಸ್ಟಿಮೇಟ್ ಮಂಜೂರಾಗಿ ಬಂತು. ಹೊಸ ಖಡಿ, ಹೊಸ ಗರಸು, ಹೊಸ ಬಟ್ಟೆ, ಬುಲ್ಡೋಜರಿನ ತಾಸಿನ ಬಾಡಿಗೆ, ಎಲ್ಲ ಮೊದಲಿನಂತೆಯೇ. ಮೊದಲ ಬಾಬತ್ತು ಮಾತ್ರ ಹೊಸದು: “ಹಾನಿಗೊಂಡ ಹಳೆಯ ಬಟ್ಟೆಯನ್ನು ರಸ್ತೆಯ ಪೂರ್ಣ ಉದ್ದಕ್ಕೆ ಹೊರತೆಗೆದು, ಐದು ಕಿ.ಮೀ. ದೂರಕ್ಕೆ ಸಾಗಿಸಿ ವಿಲೇವಾರಿ ಮಾಡುವುದು.”

ಕಾಕಾ ಅದನ್ನು ಓದಿಸಿ ಕೇಳಿಸಿಕೊಂಡರು.

“ಹಾಕದ ಅರಿವಿ ತಗ್ಯಾಕ ಎಷ್ಟ್ ದಿನಾ ಹಿಡಿತೈತ್ರೀ, ಸಾಹೇಬ್ರ?”

“ತಗದಾತು ಕಾಕಾ,” ಎಂದರು ಗುತ್ತಿಗೆದಾರರು. “ಬಿಲ್ಲ್ ಒಂದ ಬಾಕಿ ಐತಿ.”