ಒಂದೂವರೆ ಗಂಟೆಯ ದಾರಿ

ಲಂಡನ್ನಿನಿಂದ ಫ್ರಾಂಕ್‌ಫರ್ಟಿಗೆ ಎಷ್ಟು ದೂರ ಅಂತ ಫೋನಿಗೆ ಕೇಳಿದರೆ, ಸುಮಾರು 640 ಕಿ.ಮೀ., ವಿಮಾನದಲ್ಲಿ ಒಂದೂವರೆ ಗಂಟೆ ಅನ್ನುತ್ತದೆ. ಸುಳ್ಳಲ್ಲ. ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಅಷ್ಟೇ ಬರುತ್ತದೆ. ಹದ್ದಿಗೆ ಆ ಲೆಕ್ಕ ಸಾಕು. ಮಂಡಿನೋವಿನ ಗಂಡ ಹೆಂಡತಿಗೆ ಸಾಲದು.

ಲಂಡನ್ನಿನಲ್ಲಿ ಮಗಳ ಮನೆ, ಫ್ರಾಂಕ್‌ಫರ್ಟಿನಲ್ಲಿ ನಮ್ಮಕ್ಕನ ಮಗಳ ಮನೆ. ಬ್ರಿಟನ್ ವೀಸಾ ಜರ್ಮನಿಯಲ್ಲಿ ನಡೆಯಲ್ಲ. ಹಾಗಾಗಿ ಊರು ಬಿಡುವ ಮೊದಲೇ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟು, ಫೋಟೋ, ಬೆರಳಚ್ಚು ಎಲ್ಲ ಕೊಟ್ಟಾಗಿತ್ತು. ಫೋನು ಹೇಳುವ ಒಂದೂವರೆ ಗಂಟೆಯಲ್ಲಿ ಇದೆಲ್ಲ ಸೇರಿಲ್ಲ.

ಟಿಕೆಟ್ ಮಾಡಿಸಿದ್ದು ಅಳಿಯ. "ಮಾವ, ಸಿಕ್ಕಾಪಟ್ಟೆ ಅಗ್ಗ!" ಅಂದರು. ಅಗ್ಗ ಯಾಕೆ ಅಂತ ಆಮೇಲೆ ತಿಳಿಯಿತು. ವಿಮಾನ ಇಳಿಯುವುದು ಫ್ರಾಂಕ್‌ಫರ್ಟ್-ಹಾನ್‌ನಲ್ಲಿ. ಆ ವಿಮಾನ ನಿಲ್ದಾಣ ಊರಿನಿಂದ ಸುಮಾರು 120 ಕಿ.ಮೀ. ಆಚೆ, ಹುನ್ಸ್‌ರ್ಯೂಕ್ ಗುಡ್ಡಗಳಲ್ಲಿದೆ. ಮಂಡ್ಯದಾಚೆ ಇಳಿಸಿ ಬೆಂಗಳೂರು ಬಂತು ಅಂದಹಾಗೆ! 1993ರ ತನಕ ಅಲ್ಲಿದ್ದದ್ದು ಅಮೆರಿಕದ ವಾಯುಪಡೆಯ ನೆಲೆ. ಯುದ್ಧವಿಮಾನದವರಿಗೆ ಊರಿಂದ ದೂರ ಇರೋದೇ ಒಳ್ಳೆಯದು. ನಮಗೇನು ಬಂದಿತ್ತು?

ಕೋಳಿ ಕೂಗುವ ಮೊದಲೇ ಮನೆ ಬಿಟ್ಟೆವು. ಭದ್ರತಾ ತಪಾಸಣೆಯಲ್ಲಿ ಪುಳಿಯೋಗರೆ ಗೊಜ್ಜಿನ ಡಬ್ಬಿ ಸಿಕ್ಕಿಬಿತ್ತು. ಆಗ 100 ಮಿ.ಲೀ.ಗಿಂತ ಜಾಸ್ತಿ ದ್ರವ ಒಯ್ಯುವಂತಿರಲಿಲ್ಲ. "ಇದು ದ್ರವ ಅಲ್ಲ, ಚಮಚ ನೆಟ್ಟಗೆ ನಿಲ್ಲತ್ತೆ" ಅಂತ ನನ್ನಾಕೆ ಕನ್ನಡದಲ್ಲೇ ವಾದಿಸಿದಳು. ನಿಲ್ಲಿಸಿ ತೋರಿಸಿದಳು ಕೂಡ. ವಾದ ಗೆದ್ದಳು, ಗೊಜ್ಜು ಹೋಯಿತು.

ಹಾರಿದ್ದು ನಿಜಕ್ಕೂ ಒಂದೂವರೆ ಗಂಟೆ. ಆದರೆ ಗಡಿಯಾರದಲ್ಲಿ ಎರಡೂವರೆ ಕಳೆದಿತ್ತು, ಜರ್ಮನಿ ಒಂದು ಗಂಟೆ ಮುಂದೆ ಅಲ್ವಾ. ಪಾಸ್‌ಪೋರ್ಟ್ ಸಾಲು ಮುಗಿಸಿ, ಬಸ್ಸು ಹಿಡಿದು, ಅಕ್ಕನ ಮಗಳ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು.

"ವಾಪಸ್ ಹೋಗೋ ವಿಮಾನ ಫಾಸ್ಟ್ ಇದೆ ಕಣ್ರೀ, ಒಂದು ಗಂಟೆಗೆ ಹೊರಟು ಒಂದೂ ಮುಕ್ಕಾಲಿಗೆ ಲಂಡನ್ ಸೇರತ್ತೆ" ಅಂದಳು ನನ್ನಾಕೆ, ವೇಳಾಪಟ್ಟಿ ನೋಡಿ. ಪಶ್ಚಿಮಕ್ಕೆ ಹಾರುವಾಗ ಸಾಮಾನ್ಯವಾಗಿ ಎದುರುಗಾಳಿ, ಹೊತ್ತು ಜಾಸ್ತಿಯೇ ಹಿಡಿಯುತ್ತೆ ಅಂತ ವಿವರಿಸಲು ಹೋದೆ. ಕೇಳುವ ಮನಸ್ಸಿರಲಿಲ್ಲ.

ಕೊನೆಗೆ ವಾಪಸಾಗಿದ್ದು ರೈಲಿನಲ್ಲಿ. ಬ್ರಸೆಲ್ಸ್ ತನಕ ಮೂರು ಗಂಟೆ ಚಿಲ್ಲರೆ, ಅಲ್ಲಿಂದ ಲಂಡನ್ನಿಗೆ ಎರಡು ಗಂಟೆ. ನಡುವೆ ಕಾಯುವುದು ಸೇರಿಸಿದರೂ ವಿಮಾನಕ್ಕಿಂತ ಬೇಗ, ಅದೂ ಊರಿನ ನಡುಮಧ್ಯೆ ಇಳಿದೆವು. ಅಕ್ಕನ ಮಗಳು ಕೊಟ್ಟ ಸೇಬಿನ ವೈನ್ ಬಾಟಲಿಯನ್ನು ಒಬ್ಬರೂ ಕೇಳಲಿಲ್ಲ. ಗೊಜ್ಜು ನಡೆಯದ ದಾರಿಯಲ್ಲಿ ವೈನ್ ನಡೆಯಿತು!

ಸುರಂಗ ಬರುತ್ತದೆ ಅಂದಾಗ ನನ್ನಾಕೆ ನನ್ನನ್ನು ಎಬ್ಬಿಸಿ ಕಿಟಕಿ ಪಕ್ಕ ಕೂತಳು. ಫ್ರಾನ್ಸಿನಿಂದ ಇಂಗ್ಲೆಂಡಿಗೆ 50 ಕಿ.ಮೀ. ಸುರಂಗ, ಅದರಲ್ಲಿ 38 ಕಿ.ಮೀ. ಸಮುದ್ರದ ತಳದ ಕೆಳಗೆ. ಇಪ್ಪತ್ತು ನಿಮಿಷ ಗಾಜಿನಲ್ಲಿ ಅವಳ ಮುಖವೇ ಕಂಡಿತು. ಹೊರಗೆ ಬೆಳಕಾದಾಗ ನನ್ನ ಕಡೆ ತಿರುಗಿದಳು.

"ಸಮುದ್ರದ ಕೆಳಗೆ ಅಂದ್ರಿ. ಒಂದು ಮೀನೂ ಇಲ್ವಲ್ರೀ?"